ರೊಸಾರಿಯೊ ಮಾಸ್ಟರ ಎರಡು ಮನೆಗಳು

“ಆ ಕಲ್ಲನ್ನು ಮುಟ್ಟಬೇಡಿ!”

ರೇಚಲ್ ಗೇಟಿನಿಂದಲೇ ಕೂಗಿದಳು. ದೇವಕಣಗಿಲೆ ಮರದಲ್ಲಿದ್ದ ಕಾಗೆಗಳೆಲ್ಲ ಹಾರಿಹೋದವು.

ಸಮಾಧಿಯ ಪಕ್ಕ ಮಂಡಿಯೂರಿ ಕೂತಿದ್ದವನು ತಿರುಗಲಿಲ್ಲ. ಅವನ ಕೈಯಲ್ಲಿ ಕಬ್ಬಿಣದ ತಂತಿಯ ಬ್ರಷ್ ಇತ್ತು, ಪಕ್ಕದಲ್ಲಿ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬಾಟಲಿ. ಉಡುಪಿಯ ಆ ಹಳೆಯ ಸಿಮೆಟ್ರಿಯ ಬಗ್ಗೆ ಮಣಿಪಾಲದಲ್ಲಿ ತನ್ನ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಬೆಳಿಗ್ಗೆಯಷ್ಟೇ ಪಾಠ ಮಾಡಿ ಬಂದಿದ್ದಳು ರೇಚಲ್. ಮುಂದಿನ ತಿಂಗಳು ಅವರನ್ನೆಲ್ಲ ಇಲ್ಲಿಗೆ ಹೆರಿಟೇಜ್ ವಾಕ್‌ಗೆ ಕರೆತರುವುದಿತ್ತು.

“ನಿಮಗೇ ಹೇಳಿದ್ದು! ಆ್ಯಸಿಡ್ ಹಾಕಿದರೆ ಅಕ್ಷರ ಎಲ್ಲ ತಿಂದುಹೋಗ್ತದೆ. ಅದೆಂತ ನಿಮ್ಮ ಮನೆಯ ಟೈಲ್ಸಾ?”

“ಇನ್ನೂ ಹಾಕಲಿಲ್ಲ ಮಾರಾಯ್ರೇ. ಮುಚ್ಚಳವೇ ತೆಗೆಯಲಿಕ್ಕೆ ಬರ್ತಿಲ್ಲ,” ಎಂದು ಅವನು ತಿರುಗಿದ.

ರೇಚಲ್ ನಿಂತಲ್ಲೇ ನಿಂತಳು. ಈ ಮುಖ ಅವಳಿಗೆ ಗೊತ್ತಿತ್ತು. ಪ್ರತಿ ವರ್ಷ ನವೆಂಬರ್ ಎರಡರಂದು, ಮೃತರ ಸ್ಮರಣೆಯ ದಿನ, ಇದೇ ಸಮಾಧಿಯ ಆಚೆ ಬದಿಯಲ್ಲಿ ಮೋಂಬತ್ತಿ ಹಿಡಿದು ನಿಲ್ಲುವ ಮುಖ. ಈಚೆ ಬದಿಯಲ್ಲಿ ನಿಲ್ಲುವುದು ಅವಳು ಮತ್ತು ಅವಳ ಪಪ್ಪಾ. ಎರಡೂ ಮನೆಯವರು ಮಾತಾಡುವುದಿಲ್ಲ. ಮಾತಾಡದೆ ನೂರು ವರ್ಷ ದಾಟಿತ್ತು.

ಕಲ್ಲಿನ ಕೆಳಗೆ ಮಲಗಿದ್ದವರು ರೊಸಾರಿಯೊ ಮಾಸ್ಟರು. ಇಗರ್ಜಿಯಲ್ಲಿ ಪಿಟೀಲು ಬಾರಿಸಿ, ಮಕ್ಕಳಿಗೆ ಹಾಡು ಕಲಿಸಿ ಬದುಕಿದವರು. ಮದುವೆಯಾಗಲಿಲ್ಲ. ಅಪ್ಪ ಅಮ್ಮ ಇಲ್ಲದ ಮಾರ್ಸೆಲ್ ಎಂಬ ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿ, ಕಾಪುವಿನಲ್ಲಿ ಒಂದು ಕೆಲಸಕ್ಕೆ ಸೇರಿಸಿದರು. ಆ ಮಾರ್ಸೆಲ್ ರೇಚಲ್‌ಳ ಮುತ್ತಜ್ಜ. ಮಾಸ್ಟರು ಕೊನೆಯವರೆಗೆ ಬಾಡಿಗೆಗಿದ್ದದ್ದು ಉಡುಪಿಯಲ್ಲಿ, ಈಗ ಎದುರಿಗಿರುವ ಈ ಜೋಯಲ್‌ನ ಹಿರಿಯರ ಮನೆಯಲ್ಲಿ. ಅಲ್ಲೇ ತೀರಿಹೋದರು. ಸುದ್ದಿ ಮುಟ್ಟಿ ಮಾರ್ಸೆಲ್ ಕಾಪುವಿನಿಂದ ನಡೆದು ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಸಾಕಿದ ಮಗನಿಗೆ ಅಪ್ಪನ ಮುಖ ನೋಡಲು ಸಿಗಲಿಲ್ಲ. ಅವನು ಹೋಗಿ ಬಾಗಿಲು ಬಡಿದರೆ ಆ ಮನೆಯವರು ಬಾಗಿಲನ್ನೂ ತೆರೆಯಲಿಲ್ಲ. ಈ ಕಥೆಯನ್ನು ರೇಚಲ್ ಅನ್ನ ತಿನ್ನುವುದನ್ನು ಕಲಿಯುವಾಗಲೇ ಕೇಳಿದ್ದಳು.

“ನೀವು ಯಾಕೆ ಇದನ್ನು ತೊಳೀತಿದ್ದೀರಿ?” ಎಂದಳು, ಹತ್ತಿರ ಬಂದು, ದನಿ ತಗ್ಗಿಸಿ.

“ನಿಮ್ಮ ಪಪ್ಪಾ ಕಿತ್ತುಕೊಂಡು ಹೋಗುವ ಮೊದಲು ಒಮ್ಮೆ ಚಂದ ಮಾಡುವ ಅಂತ.”

“ಎಂತ ಕಿತ್ತುಕೊಂಡು ಹೋಗುವುದು?”

ಜೋಯಲ್ ಅವಳನ್ನೇ ನೋಡಿದ. ಅವಳು ನಟಿಸುತ್ತಿಲ್ಲವೆಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಿಮಗೆ ಗೊತ್ತಿಲ್ವಾ? ಮಾಸ್ಟರ ಕಲ್ಲನ್ನೂ ಮಣ್ಣನ್ನೂ ಕಾಪುವಿನ ಸಿಮೆಟ್ರಿಗೆ ಕೊಂಡೊಯ್ಯಬೇಕು ಅಂತ ಕ್ಲಾರೆನ್ಸ್ ಅಂಕಲ್ ಫಾದರ್ ಹತ್ತಿರ ಕೇಳಿದ್ದಾರೆ. ಇಲ್ಲಿ ಯಾರೂ ನೋಡಿಕೊಳ್ಳುವುದಿಲ್ಲವಂತೆ. ಮೃತರ ದಿನ ಕಳೆದ ಮೇಲೆ ಹೇಳ್ತೇನೆ ಅಂದಿದ್ದಾರೆ ಫಾದರ್.”

ಕ್ಲಾರೆನ್ಸ್ ಅಂದರೆ ಅವಳ ಪಪ್ಪಾ. ಹಳೆಯ ಕಲ್ಲುಗಳನ್ನು ಅವು ನಿಂತ ಜಾಗದಲ್ಲೇ ಉಳಿಸಬೇಕು ಎಂದು ಊರಿಗೆಲ್ಲ ಹೇಳುವ ಮಗಳಿಗೆ ಅವರು ಒಂದು ಮಾತೂ ಹೇಳಿರಲಿಲ್ಲ.

ರೇಚಲ್ ಬಗ್ಗಿ ಆ್ಯಸಿಡ್ ಬಾಟಲಿಯನ್ನು ಎತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

“ಬರೀ ನೀರು. ಮೆತ್ತನೆ ಬ್ರಷ್. ತೊಳೆಯುವುದಿದ್ದರೆ ನಾನು ಹೇಳಿದ ಹಾಗೆ ತೊಳೀಬೇಕು,” ಎಂದಳು.

“ಆಯ್ತು ಟೀಚರ್,” ಎಂದ ಅವನು. ಅವನ ತುಟಿ ನಗಲಿಲ್ಲ, ಕಣ್ಣು ನಕ್ಕಿತು. ರೇಚಲ್ ಬೇಗ ಬೇರೆ ಕಡೆ ನೋಡಿದಳು.

*

ಜೋಯಲ್ ಕಾರ್ಕಳದಲ್ಲಿ ದನದ ಡಾಕ್ಟರ್. ಬಜಗೋಳಿಯ ಕಡೆಯ ದನದ ಹಟ್ಟಿಗಳನ್ನೆಲ್ಲ ಬೈಕಿನಲ್ಲಿ ಸುತ್ತುವವನು. ವಾಕ್‌ಗಾಗಿ ಕಲ್ಲುಗಳನ್ನು ಸಿದ್ಧಪಡಿಸುವ ನೆಪದಲ್ಲಿ ಅವರಿಬ್ಬರೂ ಬುಧವಾರ ಮಧ್ಯಾಹ್ನಗಳಲ್ಲಿ ಅಲ್ಲಿ ಸೇರತೊಡಗಿದರು. ಅವನು ಮೊದಲ ವಾರ ಕರುಗಳ ಮೈ ಉಜ್ಜುವ ಬ್ರಷ್ ತಂದ.

“ಇದು ಮೆತ್ತಗೆ ಉಂಟಾ ನೋಡಿ. ಕರು ಕಂಪ್ಲೇಂಟ್ ಮಾಡಲಿಲ್ಲ.”

“ಕರುವಿಗೆ ಮಾತು ಬರುವುದಿಲ್ಲ.”

“ಬರ್ತದೆ. ಕೇಳುವವರು ಬೇಕು.”

ನೀರು ಬಿದ್ದ ಕಡೆ ಪಾಚಿ ಬಿಟ್ಟು ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು. ಕನ್ನಡ ಲಿಪಿಯ ಕೊಂಕಣಿ, ನಡುವೆ ಲ್ಯಾಟಿನ್, ಒಂದೆರಡು ಕಡೆ ಪೋರ್ಚುಗೀಸ್. ಒಂದು ಶಿಲುಬೆಯ ಬುಡದಲ್ಲಿ ತಲೆಬುರುಡೆ, ಇನ್ನೊಂದರಲ್ಲಿ ತಾವರೆ. “ತಾವರೆ ಇಲ್ಲಿಗೆ ಹೇಗೆ ಬಂತು?” ಎಂದು ಅವನು ಕೇಳಿದ. “ಕೆತ್ತಿದ ಆಚಾರಿಗೆ ಬರುತ್ತಿದ್ದದ್ದು ತಾವರೆಯೇ. ಶಿಲುಬೆ ಇಡಿ ಅಂದರು, ಇಟ್ಟ. ಉಳಿದ ಜಾಗದಲ್ಲಿ ತನ್ನದನ್ನು ಬರೆದ,” ಎಂದು ಅವಳು ಹೇಳುವಾಗ ಜೋಯಲ್ ಕಲ್ಲನ್ನು ನೋಡುತ್ತಿರಲಿಲ್ಲ. ಅವಳ ಗಲ್ಲಕ್ಕೆ ಸಿಡಿದಿದ್ದ ಒಂದು ಹಸಿರು ಚುಕ್ಕಿಯನ್ನು ನೋಡುತ್ತಿದ್ದ.

“ಅಲ್ಲಿ ಪಾಚಿ,” ಎಂದು ತನ್ನ ಗಲ್ಲ ಮುಟ್ಟಿ ತೋರಿಸಿದ. ಅವಳು ಬೇರೆ ಬದಿಯನ್ನು ಒರೆಸಿಕೊಂಡಳು. ಅವನ ಕೈ ಅರ್ಧ ದೂರ ಬಂದು ನಿಂತಿತು.

ಆಗಲೇ ಗೇಟು ಕಿರುಗುಟ್ಟಿತು.

ಜೋಸ್ಲಿನ್ ಆಂಟಿ, ಪಪ್ಪಾನ ತಂಗಿ. ಮನೆ ಎದುರಿನ ರಸ್ತೆಯಲ್ಲೇ. ಜೋಯಲ್ ತಟ್ಟನೆ ಟೋಪಿ ಎಳೆದುಕೊಂಡು ಬೆನ್ನು ತಿರುಗಿಸಿ ಉಜ್ಜತೊಡಗಿದ. ರೇಚಲ್ ಅವನಿಗೂ ಗೇಟಿಗೂ ನಡುವೆ ಬಂದು ನಿಂತಳು.

“ಎಂತ ಬಾಯೆ, ಈ ಬಿಸಿಲಿಗೆ? ಅದು ಯಾರು?”

“ಕಲ್ಲು ತೊಳೆಯಲಿಕ್ಕೆ ಬಂದವರು, ಆಂಟಿ.”

ಜೋಸ್ಲಿನ್ ಆಂಟಿ ತನ್ನ ಗಂಡನ ಸಮಾಧಿಗೆ ಹೂ ಇಟ್ಟು, ಪ್ರಾರ್ಥಿಸಿ, ಹೋಗುವಾಗ ಮತ್ತೆ ನಿಂತರು. “ಒಳ್ಳೆ ತೊಳೀತಾನೆ. ನಮ್ಮದನ್ನೂ ತೊಳೀಲಿಕ್ಕೆ ಹೇಳು.”

ಅವರು ಮರೆಯಾದ ಮೇಲೆ ಇಬ್ಬರೂ ನಗಬೇಕಿತ್ತು. ಆದರೆ ಜೋಯಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದ.

“ಹೀಗೆ ಎಷ್ಟು ದಿನ, ರೇಚಲ್?”

ಅವನು ಮೊದಲ ಸಲ ‘ಟೀಚರ್’ ಬಿಟ್ಟು ಹೆಸರು ಹಿಡಿದು ಕರೆದಿದ್ದ.

*

ಮುಂದಿನ ಬುಧವಾರ ಅವರು ಪಡುವಣ ಗೋಡೆಯ ಬದಿಗೆ ಹೋದರು. ಅಲ್ಲಿ ಯಾರೂ ಬಾರದ ಬಡ ಸಮಾಧಿಗಳು, ಕೆಂಪು ಮುರಕಲ್ಲಿನ ಮೇಲೆ ಒರಟಾಗಿ ಕೊರೆದವು. ಜೋಯಲ್ ಒಂದನ್ನು ತೊಳೆದು ಓದಿದ. ಪಕ್ಕದ್ದನ್ನು ತೊಳೆದ. ಆಮೇಲೆ ಎದ್ದು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ನಡೆದ.

“ಇಲ್ಲಿ ಬನ್ನಿ. ತಿಂಗಳು ನೋಡಿ. ಅಕ್ಟೋಬರ್ 1918. ಇದೂ ಅದೇ. ಇದೂ.”

ಅವಳು ಕಲ್ಲುಗಳ ಆಕಾರ, ಕೆತ್ತನೆ, ಲಿಪಿ ಎಲ್ಲ ನೋಡಿದ್ದಳು. ಸಾಲಾಗಿ ದಿನಾಂಕ ಓದಿರಲಿಲ್ಲ.

“ಒಂದು ಹಟ್ಟಿಯಲ್ಲಿ ದನಗಳು ಹೀಗೆ ಒಟ್ಟಿಗೆ ಹೋದರೆ ನಾನು ಒಂದೇ ಮಾತು ಹೇಳುವುದು,” ಎಂದ ಜೋಯಲ್. “ರೋಗ. ಆ ವರ್ಷ ಊರೂರಿಗೆ ಹಬ್ಬಿತಲ್ಲ, ಆ ದೊಡ್ಡ ಜ್ವರ ಇದು. ಮಾಸ್ಟರು ಹೋದದ್ದೂ ಇದೇ ತಿಂಗಳಲ್ವಾ?”

ಅವಳಿಗೆ ಕೊರೊನಾದ ದಿನಗಳು ನೆನಪಾದವು. ಜೋಸ್ಲಿನ್ ಆಂಟಿಯ ಗಂಡನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದದ್ದು. ಆಂಟಿ ಗೇಟಿನ ಹೊರಗೇ ನಿಂತದ್ದು. ಯಾರೂ ಯಾರಿಗೂ ಕಾಯಲಿಲ್ಲ ಆಗ. ಕಾಯಲು ಬಿಡಲೂ ಇಲ್ಲ.

ಓಡಿದಂತೆ ಮಾಸ್ಟರ ಸಮಾಧಿಗೆ ಮರಳಿದರು. ಅದರ ಮಗ್ಗುಲಲ್ಲೇ ಹುಲ್ಲು ದಟ್ಟವಾಗಿ ಬೆಳೆದ ಒಂದು ಉಬ್ಬು ಇತ್ತು. ಜೋಯಲ್ ಹುಲ್ಲು ಸರಿಸಿದ. ಕೆಳಗೆ ಮೊಳದುದ್ದದ ಕಲ್ಲು. ಹೆಸರಿಲ್ಲ. ಒಂದು ಶಿಲುಬೆ, ಅದೇ ತಿಂಗಳು, ಅದೇ ವರ್ಷ.

“ಇದು ಮಗುವಿನದು,” ಎಂದಳು ರೇಚಲ್ ಮೆಲ್ಲಗೆ.

ಆ ಸಂಜೆ ಜೋಯಲ್ ಆ ಸಣ್ಣ ಕಲ್ಲಿನ ಬಗ್ಗೆ ತನ್ನ ಅಜ್ಜಿ ಬರ್ತಾಬಾಯಿಯನ್ನು ಕೇಳಿದ. ಅವರು ಜಪಮಾಲೆ ಕೆಳಗಿಟ್ಟು, “ಅದನ್ನು ಕೇಳಬೇಡ ಪುತಾ,” ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಫೋನಿನಲ್ಲಿ ಹೇಳುವಾಗ ಅವನ ದನಿ ಭಾರವಾಗಿತ್ತು.

“ವಾಕ್‌ನಲ್ಲಿ ಹೇಳ್ತೀಯಾ, ಜ್ವರದ ವಿಷಯ?” ಎಂದು ಕೇಳಿದ. ಇಬ್ಬರೂ ಯಾವಾಗ ಏಕವಚನಕ್ಕೆ ಇಳಿದರೋ ಇಬ್ಬರಿಗೂ ಗೊತ್ತಾಗಲಿಲ್ಲ.

“ಪಪ್ಪಾ ಬಂದರೆ?”

“ಬಂದರೆ ಇನ್ನೂ ಒಳ್ಳೆಯದಲ್ವಾ?”

“ನಿನಗೆ ನನ್ನ ಪಪ್ಪಾ ಗೊತ್ತಿಲ್ಲ.”

*

ವಾಕ್‌ನ ಭಾನುವಾರ ಪೂಜೆ ಮುಗಿದ ಮೇಲೆ ವಿದ್ಯಾರ್ಥಿಗಳ ಜೊತೆ ಊರಿನವರೂ ಸೇರಿದರು. ರೇಚಲ್ ತಲೆಬುರುಡೆಯ ಶಿಲುಬೆ ತೋರಿಸಿದಳು, ತಾವರೆ ತೋರಿಸಿದಳು. ಗೋಡೆಯ ಕಡೆಗೆ ತಿರುಗುವಾಗ ಗುಂಪಿನ ಹಿಂದೆ ಬಿಳಿ ಅಂಗಿಯ ಪಪ್ಪಾ ಕಂಡರು. ಕೈ ಕಟ್ಟಿ ನಿಂತಿದ್ದರು.

ಅದೇ ಹೊತ್ತಿಗೆ ಗೇಟಿನ ಬಳಿ ಕಾರು ನಿಂತಿತು. ಜೋಯಲ್ ಇಳಿದು, ಬರ್ತಾಬಾಯಿಯ ಕೈ ಹಿಡಿದು ಇಳಿಸಿದ. ತಾನೇ ಕರೆದದ್ದಲ್ಲ ಎಂಬಂತೆ ಅವನು ದೂರದಿಂದಲೇ ತಲೆಯಾಡಿಸಿದ. ಅಜ್ಜಿ ಹಠ ಹಿಡಿದು ಹೊರಟಿದ್ದರು.

ಈಗ ಮಾತು ನುಂಗಿ ಮುಂದೆ ಹೋಗಬಹುದಿತ್ತು. ಹೇಗೂ ವಿದ್ಯಾರ್ಥಿಗಳಿಗೆ ಬಿಸಿಲಾಗಿತ್ತು. ರೇಚಲ್ ಗೋಡೆಯ ಬದಿಯ ಸಾಲಿಗೆ ನಡೆದು ನಿಂತಳು.

“ಈ ಸಾಲಿನ ತಿಂಗಳು ಓದಿ ನೋಡಿ,” ಎಂದಳು.

ಅವರು ಓದಿದರು. ಒಂದು ಹುಡುಗಿ ಗಟ್ಟಿಯಾಗಿ ಓದುತ್ತ ಓದುತ್ತ ಸಣ್ಣ ದನಿಗಿಳಿದಳು. ರೇಚಲ್ ಜ್ವರದ ವಿಷಯ ಹೇಳಿದಳು. ಆಮೇಲೆ ಎಲ್ಲರನ್ನೂ ಮಾಸ್ಟರ ಸಮಾಧಿಯ ಬಳಿಗೆ ಕರೆತಂದಳು. “ಇವರೂ ಅದೇ ತಿಂಗಳಲ್ಲಿ ಹೋದವರು. ಆ ವಾರ ಯಾರ ಮನೆಯಲ್ಲೂ ಯಾರಿಗೂ ಕಾದು ಮಣ್ಣು ಮಾಡಲು ಆಗಿರಲಿಕ್ಕಿಲ್ಲ…”

“ಜ್ವರ ಇದ್ದಿರಬಹುದು.”

ಪಪ್ಪಾನ ದನಿ. ಗುಂಪು ಬದಿಗೆ ಸರಿಯಿತು.

“ಮಣ್ಣು ಮಾಡಿದ್ದನ್ನು ಬಿಡುವ. ಆದರೆ ನನ್ನ ಅಜ್ಜ ಕಾಪುವಿನಿಂದ ನಡೆದು ಬಂದು ಬಾಗಿಲು ಬಡಿದಾಗ ಯಾಕೆ ತೆಗೆಯಲಿಲ್ಲ? ಒಂದು ಮಾತು ಹೇಳಲಿಕ್ಕೆ ಏನಾಗಿತ್ತು? ಅದನ್ನು ಯಾವ ಕಲ್ಲು ಹೇಳ್ತದೆ, ಮಗಾ?”

“ಪಪ್ಪಾ, ಇದು ಅದಕ್ಕೆ ಜಾಗ ಅಲ್ಲ…” ರೇಚಲ್‌ಳ ದನಿ ಏರಿತು.

“ರೇಚಲ್, ಬೇಡ,” ಎಂದ ಜೋಯಲ್. “ಅವರು ಕೇಳಲಿ.”

ಕ್ಲಾರೆನ್ಸ್ ಅವನನ್ನು ನೋಡಿದರು. ಆಮೇಲೆ ಮಗಳನ್ನು.

ಬರ್ತಾಬಾಯಿ ಮೊಮ್ಮಗನ ಕೈ ಬಿಟ್ಟು ಮುಂದೆ ಬಂದರು.

“ನನ್ನ ಅತ್ತೆ ಒಳಗೇ ಇದ್ದಳು,” ಎಂದರು. “ಸೆವ್ರಿನ್‌ಬಾಯಿ. ಮನೆಯ ಗಂಡಸರೆಲ್ಲ ಜ್ವರದಲ್ಲಿ ಮಲಗಿದ್ದರು. ಮಾಸ್ಟರನ್ನು ಹೊತ್ತು ತಂದದ್ದು ಅವಳು ಮತ್ತು ಅವಳ ನಾದಿನಿ. ಇಬ್ಬರು ಹೆಂಗಸರು. ಅವತ್ತು ಎರಡು ಸಲ ಬಂದರು ಇಲ್ಲಿಗೆ. ಬೆಳಿಗ್ಗೆ ಮಾಸ್ಟರ ಜೊತೆ. ಮಧ್ಯಾಹ್ನ…” ಅವರ ಕೈ ಸಣ್ಣ ಕಲ್ಲಿನ ಕಡೆಗೆ ಚಾಚಿತು. “ಮಧ್ಯಾಹ್ನ ಅವಳ ಮಗು. ಮೊದಲನೆಯದು.”

ಗಾಳಿಯಿರಲಿಲ್ಲ. ರಸ್ತೆಯಲ್ಲಿ ಒಂದು ಬಸ್ಸು ಹಾರ್ನ್ ಮಾಡುತ್ತ ಹೋಯಿತು.

“ಬಾಗಿಲು ಬಡಿದದ್ದು ಕೇಳಿತ್ತು ಅಂತ ಹೇಳ್ತಿದ್ದಳು. ಮಗುವಿನ ಅಂಗಿ ಮಡಿಲಲ್ಲಿ ಇಟ್ಟು ಕೂತಿದ್ದಳಂತೆ. ಏಳಲಿಕ್ಕೆ ಕಾಲು ಬರಲಿಲ್ಲ. ಮರುದಿನ ಬಾಗಿಲು ತೆಗೆದು ನೋಡಿದಳು. ಯಾರೂ ಇರಲಿಲ್ಲ.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಕ್ಲಾರೆನ್ಸ್ ಕೇಳಿದರು. ಈಗ ಅದರಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

“ನೀವು ಬೈದಿರಿ ಮಾರಾಯ್ರೇ. ಕೇಳಲಿಲ್ಲ. ಬೈಯುವವರ ಎದುರು ಮಗು ಸತ್ತದ್ದು ಹೇಳಿ ಕರುಣೆ ಬೇಡುವುದಾ ಅಂದಳು ಅತ್ತೆ. ಹೇಳಬೇಡ ಅಂತ ನನ್ನ ಹತ್ತಿರವೂ ಮಾತು ತೆಗೆದುಕೊಂಡಿದ್ದಳು. ನೀವು ಇವತ್ತು ಕೇಳಿದಿರಿ. ಅದಕ್ಕೆ ಹೇಳಿದೆ.”

ಕ್ಲಾರೆನ್ಸ್ ಆ ಸಣ್ಣ ಕಲ್ಲನ್ನು ನೋಡಿದರು. ಆಮೇಲೆ ತಿರುಗಿ ಗೇಟಿನ ಕಡೆಗೆ ನಡೆದುಬಿಟ್ಟರು.

*

ಕಾಪುವಿನ ಕಡೆಗೆ ಕಾರು ಓಡುತ್ತಿತ್ತು. ಕಟಪಾಡಿ ದಾಟಿದ ಮೇಲೆ ಪಪ್ಪಾ ಮಾತು ತೆಗೆದರು.

“ಆ ಹುಡುಗ,” ಎಂದರು. “ನಿನ್ನನ್ನು ರೇಚಲ್ ಅಂತ ಕರೆದ. ಮೇಡಂ ಅಲ್ಲ, ಟೀಚರ್ ಅಲ್ಲ. ದಿನಾ ಕರೆದು ಅಭ್ಯಾಸ ಇದ್ದವನ ಹಾಗೆ ಕರೆದ.”

ರೇಚಲ್ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಳು. ಸುಳ್ಳು ಹೇಳಲು ದಾರಿ ಇತ್ತು. ಅವಳಿಗೆ ಸಾಕಾಗಿತ್ತು.

“ಹೌದು ಪಪ್ಪಾ.”

“ಅವನು ಇಷ್ಟವಾ?”

“ಹೌದು.”

“ಆ ಮನೆ ಬೇಡ ಮಗಾ.”

“ಯಾಕೆ? ಒಂದು ಕಾರಣ ಹೇಳಿ.”

ಅವರು ಕಿಟಕಿಯ ಹೊರಗೆ ನೋಡಿದರು. ಬೆಳಿಗ್ಗೆಯವರೆಗೆ ಕಾರಣವಿತ್ತು. ಈಗ ಅವರು ಅದನ್ನು ಹುಡುಕುತ್ತಿರುವುದು ರೇಚಲ್‌ಗೆ ಕಾಣುತ್ತಿತ್ತು.

“ನನ್ನ ಅಪ್ಪ ಸಾಯುವಾಗಲೂ ಆ ಮನೆಯವರನ್ನು ಬೈದುಕೊಂಡೇ ಸತ್ತರು,” ಎಂದರು. “ನಾನು ತಲೆದಿಂಬಿನ ಹತ್ತಿರ ಕೂತು ಹೌದು ಹೌದು ಅಂತಿದ್ದೆ. ಆ ಬೈಗಳನ್ನೆಲ್ಲ ನಾನು ಈಗ ಎಂತ ಮಾಡಲಿ, ಹೇಳು?”

ಅವಳು ವಾದ ಮಾಡಲಿಲ್ಲ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಅವರ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ. ಹಿಂದಿರುಗಿ ಹಿಡಿಯಲೂ ಇಲ್ಲ.

ಆ ವಾರ ಮನೆಯಲ್ಲಿ ತಟ್ಟೆಯ ಸದ್ದು ಮಾತ್ರ. ಜೋಯಲ್‌ನ ಫೋನ್ ಬಂದಾಗಲೆಲ್ಲ ರೇಚಲ್ ಅಂಗಳಕ್ಕೆ ಹೋಗುತ್ತಿದ್ದಳು. ಅಡಗಿ ಅಲ್ಲ, ಪಪ್ಪಾನ ಕಣ್ಣೆದುರೇ.

“ಅಂಕಲ್ ಎಂತ ಹೇಳಿದರು?”

“ಏನೂ ಇಲ್ಲ.”

“ಅದು ಒಳ್ಳೆಯದಾ, ಕೆಟ್ಟದಾ?”

“ಗೊತ್ತಿಲ್ಲ ಜೋಯಲ್. ನನಗೆ ಹೆದರಿಕೆ ಆಗ್ತದೆ.”

“ನನಗೂ,” ಎಂದ ಅವನು. ಆ ಕಡೆಯಿಂದ ಯಾವುದೋ ಹಟ್ಟಿಯ ಹಸು ಕೂಗುವುದು ಕೇಳುತ್ತಿತ್ತು.

*

ನವೆಂಬರ್ ಎರಡರ ಸಂಜೆ ಸಿಮೆಟ್ರಿಯ ತುಂಬ ಮೋಂಬತ್ತಿ, ಸೇವಂತಿಗೆ, ಸಾಂಬ್ರಾಣಿಯ ಹೊಗೆ. ಮಾಸ್ಟರ ಸಮಾಧಿಯ ಎರಡೂ ಬದಿ ಎರಡೂ ಮನೆಯವರು ಎಂದಿನಂತೆ ನಿಂತರು. ಜೋಯಲ್ ತಲೆಯೆತ್ತಲಿಲ್ಲ. ರೇಚಲ್ ಅವನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವನು ಕ್ಷೌರ ಮಾಡಿಕೊಂಡು ಬಂದಿದ್ದ. ದವಡೆಯ ಬಳಿ ಒಂದು ಸಣ್ಣ ಗಾಯ.

ಸಮಾಧಿಗಳಿಗೆ ಪವಿತ್ರ ಜಲ ಚಿಮುಕಿಸುತ್ತ ಫಾದರ್ ಹತ್ತಿರ ಬಂದರು. ಸತ್ತವರ ಹೆಸರು ಹೇಳಿ ಪ್ರಾರ್ಥಿಸುವುದು ವಾಡಿಕೆ. “ರೊಸಾರಿಯೊ,” ಎಂದು ಶುರುಮಾಡಿದರು.

“ಒಂದು ನಿಮಿಷ ಫಾದರ್,” ಎಂದರು ಕ್ಲಾರೆನ್ಸ್.

ರೇಚಲ್ ಅವರ ತೋಳು ಹಿಡಿಯಲು ಕೈ ಚಾಚಿದಳು. ಕಲ್ಲು ಕೀಳುವ ಮಾತು ಇಲ್ಲೇ, ಎಲ್ಲರೆದುರೇ ಬರುತ್ತದೆಯೆ?

ಅವರು ಸಮಾಧಿಯನ್ನು ಬಳಸಿ ನಡೆದು ಬರ್ತಾಬಾಯಿಯ ಮುಂದೆ ನಿಂತರು. ಆ ಬದಿಗೆ ಅವರು ಕಾಲಿಟ್ಟದ್ದನ್ನು ಮಗಳು ನೋಡಿರಲಿಲ್ಲ.

“ಬಾಯಿ, ಆ ಮಗುವಿನ ಹೆಸರು ಎಂತ?”

ಬರ್ತಾಬಾಯಿ ಜಪಮಾಲೆಯನ್ನು ಕೈಗೆ ಸುತ್ತಿಕೊಂಡರು. “ಪಾಸ್ಕು,” ಎಂದರು.

ಕ್ಲಾರೆನ್ಸ್ ಫಾದರ್ ಕಡೆಗೆ ತಿರುಗಿದರು. “ರೊಸಾರಿಯೊ ಮತ್ತೆ ಪಾಸ್ಕು ಅಂತ ಹೇಳಿ ಫಾದರ್. ಇನ್ನು ಮೇಲೆ ಎರಡೂ ಹೆಸರು ಹೇಳಿ. ಮತ್ತೆ… ನಾನು ಕೇಳಿದ ಆ ವಿಷಯ ಬಿಡಿ. ಮಾಸ್ಟರು ಮಗುವನ್ನು ಬಿಟ್ಟು ಎಲ್ಲಿಗೆ ಬರುವುದು?”

ಪ್ರಾರ್ಥನೆ ನಡೆಯುವಾಗ ರೇಚಲ್‌ಗೆ ಒಂದು ಶಬ್ದವೂ ಕೇಳಲಿಲ್ಲ. ಜೋಯಲ್ ಈಗ ತಲೆಯೆತ್ತಿದ್ದ. ಅವನ ಕಣ್ಣು ತುಂಬಿತ್ತು, ಅದನ್ನು ಒರೆಸಿಕೊಳ್ಳುವುದನ್ನೂ ಮರೆತಿದ್ದ.

ಹೊರಡುವಾಗ ಕ್ಲಾರೆನ್ಸ್ ಅವನೆದುರು ನಿಂತು ಗಂಟಲು ಸರಿಮಾಡಿಕೊಂಡರು.

“ನೀವು ದನದ ಡಾಕ್ಟರಂತೆ.”

“ಹೌದು ಅಂಕಲ್.”

“ಇನ್ನಂಜೆಯ ಹತ್ತಿರ ನಮ್ಮ ಮನೆ. ಹಸು ಎರಡು ದಿನದಿಂದ ಮೇವು ಮುಟ್ಟುವುದಿಲ್ಲ. ಭಾನುವಾರ ಬಂದು ನೋಡ್ತೀರಾ?”

ಬೆಳಿಗ್ಗೆಯಷ್ಟೇ ಒಂದು ಹೊರೆ ಹುಲ್ಲು ತಿಂದು ಮುಗಿಸಿದ್ದ ಹಸುವಿನ ನೆನಪಾಗಿ ರೇಚಲ್ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಳು.

*

ಭಾನುವಾರ ಜೋಯಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸ್ಟೆತಸ್ಕೋಪ್ ಹಿಡಿದು ಹಟ್ಟಿಗೆ ಬಂದ. ಹಸು ಅವನ ಹೆಗಲ ಮೇಲಿಂದ ಕತ್ತು ಚಾಚಿ ಹುಲ್ಲು ಜಗಿಯುತ್ತಿತ್ತು. ಅವನು ಹೊಟ್ಟೆ ಮುಟ್ಟಿದ, ಕಣ್ಣು ನೋಡಿದ, ಬಾಲ ಎತ್ತಿದ.

“ಈ ದನಕ್ಕೆ ಎಂತದೂ ಆಗಲಿಲ್ಲ,” ಎಂದ ಪಿಸುದನಿಯಲ್ಲಿ.

“ಗೊತ್ತುಂಟು.”

“ಅಂಕಲ್‌ಗೆ ಗೊತ್ತುಂಟಾ?”

“ನಿನಗೆ ಎಂತ ಅನ್ನಿಸ್ತದೆ?”

ಅವನು ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡ. ರೇಚಲ್ ಹಟ್ಟಿಯ ಕಂಬಕ್ಕೆ ಒರಗಿ ಕಾದಳು.

“ಜೋಯಲ್, ನೀನು ಇನ್ನೂ ಒಂದು ಮಾತು ಹೇಳಲಿಲ್ಲ. ಪಪ್ಪಾನ ಹತ್ತಿರ ನಾನು ಹೇಳಿಬಿಟ್ಟೆ. ಅಜ್ಜಿ ಊರಿನ ಮುಂದೆ ಹೇಳಿದರು. ನೀನು ಮಾತ್ರ ದನದ ಬಾಲ ನೋಡ್ತಾ ಇದ್ದೀಯ.”

ಅವನ ಕಿವಿ ಕೆಂಪಾಯಿತು. ನಗಲು ಹೋಗಿ ನಿಲ್ಲಿಸಿದ.

“ನವೆಂಬರ್ ಎರಡಕ್ಕೆ ನಾನು ಮಾಸ್ಟರಿಗಾಗಿ ಬರುವುದು ಬಿಟ್ಟು ತುಂಬ ವರ್ಷ ಆಯ್ತು, ರೇಚಲ್,” ಎಂದ. “ನೀನು ಮೋಂಬತ್ತಿಗೆ ಕೈ ಅಡ್ಡ ಹಿಡಿದು ಬಗ್ಗುತ್ತೀಯಲ್ಲ, ಅದನ್ನು ನೋಡಲಿಕ್ಕೆ ಬರುವುದು. ಮತ್ತೆ ಇಡೀ ವರ್ಷ ಅದನ್ನೇ ನೆನೆಸಿಕೊಂಡು ಬದುಕುವುದು. ದೇವರಿಗೂ ನಾಚಿಕೆ ಆಗಬೇಕು, ಅಂಥ ಪ್ರಾರ್ಥನೆ. ಇನ್ನು ವರ್ಷಕ್ಕೊಮ್ಮೆ ಸಾಲುವುದಿಲ್ಲ. ನನ್ನನ್ನು ಮದುವೆ ಆಗ್ತೀಯಾ?”

ಕಾಪುವಿನ ಕಡೆಯ ಗಾಳಿ ತೆಂಗಿನ ಗರಿಗಳನ್ನು ಅಲ್ಲಾಡಿಸಿ ಹೋಯಿತು. ರೇಚಲ್‌ಗೆ ಸಿದ್ಧವಾಗಿಟ್ಟ ಕುಚೋದ್ಯದ ಮಾತೊಂದಿತ್ತು, ಅದು ಬಾಯಿಗೆ ಬರಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದು ಅವನ ಎದೆಗೆ ಹಣೆಯಿಟ್ಟು ನಿಂತಳು. ಅವನ ಕೈ ಮೆಲ್ಲನೆ ಅವಳ ಬೆನ್ನ ಮೇಲೆ ಬಂತು.

“ಹೌದು ಅಂತ ಬಾಯಲ್ಲಿ ಹೇಳು ಮಾರಾಯ್ತಿ.”

“ಹೌದು.”

ಜಗಲಿಯಿಂದ ಪಪ್ಪಾನ ಕೆಮ್ಮು ಕೇಳಿತು. ಇಬ್ಬರೂ ಬೆಂಕಿ ತಾಗಿದವರಂತೆ ದೂರ ಸರಿದರು.

“ಡಾಕ್ಟ್ರೇ, ದನಕ್ಕೆ ಎಂತ ಅಂತೆ?”

ಜೋಯಲ್ ಅಂಗಿಯ ಕಾಲರ್ ಸರಿಮಾಡಿಕೊಂಡು ಹೊರಗೆ ಹೋದ. “ಇನ್ನೊಮ್ಮೆ ಬಂದು ನೋಡಬೇಕು ಅಂಕಲ್.”

ಕ್ಲಾರೆನ್ಸ್ ಅವನನ್ನೂ, ಹಟ್ಟಿಯ ಬಾಗಿಲಲ್ಲಿ ನಿಂತ ಮಗಳ ಕೆಂಪು ಮುಖವನ್ನೂ ನೋಡಿದರು. ಪತ್ರಿಕೆ ಮಡಚಿ ಬದಿಗಿಟ್ಟರು.

“ಹಾಗಾದರೆ ಬರುವಾಗ ಅಜ್ಜಿಯನ್ನೂ ಕರ್ಕೊಂಡು ಬಾ,” ಎಂದರು. “ಕೈ ತೊಳೆದು ಬಾ ಈಗ. ಊಟಕ್ಕೆ ಆಯ್ತು.”